ಮುತ್ತಿನ ನದಿಯ ದಂಡೆಯ ಕೋಠಿಗಳು

ಚೀನಾ ದೇಶದ ದಕ್ಷಿಣ ಕರಾವಳಿಯಲ್ಲಿ ಮುತ್ತಿನ ನದಿ ಎಂಬ ಹೆಸರಿನ ದೊಡ್ಡ ನದಿಯೊಂದು ಕಡಲನ್ನು ಸೇರುತ್ತದೆ. ಅದರ ಅಳಿವೆಯಿಂದ ಒಳನಾಡಿನತ್ತ ಸಾಗಿದರೆ ದಂಡೆಯ ಮೇಲೆ ಗುವಾಂಗ್‌ಝೌ ಎಂಬ ಮಹಾನಗರ ಕಾಣಿಸುತ್ತದೆ. ಯುರೋಪಿನವರು ಇದನ್ನು ಕ್ಯಾಂಟನ್ ಎಂದು ಕರೆದರು. ಹಳೆಯ ಗ್ರಂಥಗಳಲ್ಲಿ ಬಳಕೆಯಾಗಿರುವುದು ಈ ಹೆಸರೇ. ಸಾವಿರ ವರ್ಷಗಳಿಗೂ ಹಿಂದಿನಿಂದ ಅರಬರೂ ಪಾರಸಿಕರೂ ಮಾರುತಗಳನ್ನು ನೆಚ್ಚಿಕೊಂಡು ಈ ರೇವಿಗೆ ಬರುತ್ತಿದ್ದರು. ಅವರ ಹಿಂದೆಯೇ ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು, ಕೊನೆಗೆ ಅಮೆರಿಕನ್ನರು ಬಂದರು. ೧೭೫೭ರಲ್ಲಿ ಚಿಂಗ್ ವಂಶದ ಸಾಮ್ರಾಟನಾದ ಚಿಯೆನ್‌ಲುಂಗನು ಪಾಶ್ಚಾತ್ಯರ ಕಡಲ ವ್ಯಾಪಾರವೆಲ್ಲ ಕ್ಯಾಂಟನ್ ಒಂದರಲ್ಲೇ ನಡೆಯತಕ್ಕದ್ದೆಂದು ಆಜ್ಞೆ ಮಾಡಿದನು. ಅಲ್ಲಿಂದ ಮುಂದೆ ಎಂಬತ್ತೈದು ವರ್ಷಗಳ ಕಾಲ, ಯುರೋಪು ಬಯಸಿದ ಚಹಾ, ರೇಷ್ಮೆ, ಪಿಂಗಾಣಿಗಳು ಹೆಚ್ಚುಕಡಮೆ ಈ ಒಂದೇ ಬಾಗಿಲಿನಿಂದ ಹೊರಬಿದ್ದುವು.

ಬಾಗಿಲಿನ ಬೀಗದ ಕೈ ಯಾರ ಬಳಿ ಇರಬೇಕು ಎಂಬುದೇ ಮುಂದಿನ ಕಲಹಕ್ಕೆಲ್ಲ ಮೂಲ.

ದೊಡ್ಡ ಹಡಗುಗಳು ನಗರದವರೆಗೆ ಬರುತ್ತಿರಲಿಲ್ಲ. ನದಿಯ ಕೆಳಭಾಗದಲ್ಲಿರುವ ವಾಂಪೋವಾ ಎಂಬಲ್ಲಿ ಲಂಗರು ಹಾಕಿ, ಸರಕನ್ನು ದೋಣಿಗಳಿಗೆ ಇಳಿಸುತ್ತಿದ್ದುವು. ವರ್ತಕರು ಮಾತ್ರ ಮೇಲಕ್ಕೆ ಬಂದು ನಗರದ ಕೋಟೆಗೋಡೆಯ ಹೊರಗೆ, ನದಿಯ ದಂಡೆಯ ಕೋಠಿಗಳಲ್ಲಿ ತಂಗುತ್ತಿದ್ದರು. ಇಂಗ್ಲಿಷರು ಈ ಕೋಠಿಗಳನ್ನು ‘ಫ್ಯಾಕ್ಟರಿ’ ಎಂದು ಕರೆದರೂ ಅಲ್ಲಿ ಏನೂ ತಯಾರಾಗುತ್ತಿರಲಿಲ್ಲ. ವರ್ತಕ ಸಂಸ್ಥೆಯ ಪ್ರತಿನಿಧಿಗೆ ‘ಫ್ಯಾಕ್ಟರ್’ ಎಂದು ಹೆಸರು, ಅವನಿರುವ ಮನೆಯೇ ಫ್ಯಾಕ್ಟರಿ. ಇಂತಹ ಕೋಠಿಗಳು ಹದಿಮೂರು. ಕೆಳಗಿನ ಅಂತಸ್ತಿನಲ್ಲಿ ಉಗ್ರಾಣ, ಅಡಿಗೆಮನೆ, ಲೆಕ್ಕದ ಕೋಣೆ. ಮೇಲೆ ಊಟದ ಹಾಗೂ ಮಲಗುವ ಕೋಣೆಗಳು. ಎದುರಿನ ಸಣ್ಣ ಬಯಲಿನಲ್ಲಿ ಆಯಾ ದೇಶದ ಬಾವುಟಗಳು ಹಾರಾಡುತ್ತಿದ್ದುವು. ಈ ನೆಲದ ಉದ್ದ ನದಿಯ ಗುಂಟ ಸುಮಾರು ಸಾವಿರ ಅಡಿ ಮಾತ್ರ. ೧೮೩೦ರ ದಶಕದಲ್ಲಿ ಇಲ್ಲಿ ವಾಸವಾಗಿದ್ದ ವಿದೇಶೀಯರು ಸುಮಾರು ಮುನ್ನೂರು ಮಂದಿ. ಇಂಗ್ಲಿಷರು, ಅಮೆರಿಕನ್ನರಲ್ಲದೆ ಮುಂಬಯಿಯ ಪಾರಸಿ ವರ್ತಕರೂ ಇವರಲ್ಲಿ ಗಣನೀಯ ಸಂಖ್ಯೆಯಲ್ಲಿದ್ದರು. ಲೋಕದ ಅತ್ಯಂತ ದೊಡ್ಡ ವ್ಯಾಪಾರಗಳಲ್ಲಿ ಒಂದು ಇಷ್ಟು ಇಕ್ಕಟ್ಟಾದ ಅಂಗಳದಲ್ಲಿ ನಡೆಯುತ್ತಿತ್ತು.

ಅಂಗಳ ಇಕ್ಕಟ್ಟಾಗಿದ್ದಂತೆ ಅಲ್ಲಿಯ ನಿಯಮಗಳೂ ಬಿಗಿಯಾಗಿದ್ದುವು. ಯುದ್ಧದ ಹಡಗುಗಳು ನದಿಯೊಳಕ್ಕೆ ಬರಕೂಡದು. ಕೋಠಿಗಳಲ್ಲಿ ಆಯುಧಗಳನ್ನು ಇರಿಸಿಕೊಳ್ಳಕೂಡದು. ಹೆಂಗಸರನ್ನು ಕರೆತರಕೂಡದು. ವ್ಯಾಪಾರದ ಕಾಲ ಮುಗಿದೊಡನೆ ಎಲ್ಲರೂ ಕ್ಯಾಂಟನ್ ಬಿಟ್ಟು, ಪೋರ್ಚುಗೀಸರು ನೆಲಸಿದ್ದ ಮಕಾವ್‌ಗೆ ಹೋಗಿ ಮುಂದಿನ ಹಂಗಾಮಿನವರೆಗೆ ಕಾದಿರಬೇಕು. ಅಧಿಕಾರಿಗಳಿಗೆ ನೇರವಾಗಿ ಅರ್ಜಿ ಸಲ್ಲಿಸುವಂತಿಲ್ಲ. ಚೀನೀ ಭಾಷೆಯನ್ನು ಕಲಿಯುವಂತಿಲ್ಲ. ಕಲಿಸಿದ ಚೀನೀಯನಿಗೂ ದಂಡನೆ ಉಂಟು. ಗಾಳಿಸೇವನೆಗೆಂದು ನದಿಯಾಚೆಯ ಹೂದೋಟಗಳಿಗೆ ಹೋಗಬಹುದಾಗಿತ್ತು. ಆದರೆ ಚಾಂದ್ರಮಾಸದ ೮, ೧೮, ೨೮ನೆಯ ದಿನಗಳಂದು ಮಾತ್ರ, ಹತ್ತು ಮಂದಿಗೆ ಮೀರದ ಗುಂಪಿನಲ್ಲಿ, ದುಭಾಷಿಯೊಬ್ಬನ ಕಾವಲಿನಲ್ಲಿ! ೧೮೩೦ರಲ್ಲಿ ಹ್ಯಾರಿಯೆಟ್ ಲೋ ಎಂಬ ಅಮೆರಿಕನ್ ಯುವತಿ ತನ್ನ ಚಿಕ್ಕಮ್ಮನೊಡನೆ ಮಕಾವ್‌ನಿಂದ ಕ್ಯಾಂಟನ್ನಿಗೆ ಬಂದಳು. ಕೋಠಿಗಳ ಬಯಲಿನಲ್ಲಿ ಅವರನ್ನು ನೋಡಲು ಜನ ಮುಗಿಬಿದ್ದರು. ಅವರು ಹಿಂದಿರುಗದಿದ್ದರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಅಧಿಕಾರಿಗಳು ಬೆದರಿಸಿದ್ದರಿಂದ ಆ ಇಬ್ಬರೂ ಮಕಾವ್‌ಗೆ ಮರಳಬೇಕಾಯಿತು.

ನಿಯಮಗಳೆಲ್ಲವೂ ಯಾವಾಗಲೂ ಕಟ್ಟುನಿಟ್ಟಾಗಿ ಜಾರಿಯಲ್ಲಿದ್ದುವೆಂದಲ್ಲ. ಎಷ್ಟೋ ವೇಳೆ ಅವು ಕಾಗದದ ಮೇಲೆ ಉಳಿಯುತ್ತಿದ್ದುವು. ಆದರೆ ಮೀರಬಾರದ ಗೆರೆಯನ್ನು ಮೀರಿದವರಿಗೆ ಬಿಸಿ ತಟ್ಟದೆ ಇರುತ್ತಿರಲಿಲ್ಲ. ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಜೇಮ್ಸ್ ಫ್ಲಿಂಟ್ ಎಂಬುವನು ಚೀನೀ ಭಾಷೆಯನ್ನು ಬಲ್ಲವನು. ಕ್ಯಾಂಟನ್ನಿನ ಸುಂಕದ ಅಧಿಕಾರಿಗಳ ಲಂಚಗುಳಿತನದ ವಿಷಯವಾಗಿ ೧೭೫೯ರಲ್ಲಿ ಅವನು ಉತ್ತರದ ತಿಯೆನ್‌ಜಿನ್‌ವರೆಗೆ ಹಡಗಿನಲ್ಲಿ ಹೋಗಿ ಸಾಮ್ರಾಟನಿಗೇ ದೂರು ಮುಟ್ಟಿಸಿದನು. ದೂರಿನ ವಿಚಾರಣೆಯೂ ಆಯಿತು, ದೂರು ಕೊಟ್ಟವನ ವಿಚಾರಣೆಯೂ ಆಯಿತು. ಫ್ಲಿಂಟ್‌ನಿಗೆ ಮೂರು ವರ್ಷಗಳ ಸೆರೆ. ಆ ಅರ್ಜಿಯನ್ನು ಬರೆಯಲು ನೆರವಾದ ಚೀನೀಯನ ತಲೆಯೇ ಹೋಯಿತು.

ವಿದೇಶೀಯರಿಗೂ ಸರಕಾರಕ್ಕೂ ನಡುವೆ ನಿಂತವರು ‘ಹಾಂಗ್’ ವರ್ತಕರು. ಕೊಹಾಂಗ್ ಎಂಬುದು ಇವರ ಕೂಟ. ಸರಕಾರದ ಅಪ್ಪಣೆ ಪಡೆದ ಈ ಕೆಲವೇ ಮಂದಿಯೊಡನೆ ಮಾತ್ರ ವಿದೇಶೀಯನು ಚಹಾದ ವ್ಯವಹಾರ ಮಾಡಬಹುದಾಗಿತ್ತು. ಬಂದ ಪ್ರತಿಯೊಂದು ಹಡಗಿಗೂ ಒಬ್ಬ ಹಾಂಗ್ ವರ್ತಕ ಜಾಮೀನು ನಿಲ್ಲಬೇಕು. ಆ ಹಡಗಿನ ಸುಂಕಕ್ಕೂ ನಾವಿಕರ ನಡತೆಗೂ ಅವನೇ ಹೊಣೆ. ಈ ಹೊಣೆಯ ಭಾರದಲ್ಲಿ ಅನೇಕರು ದಿವಾಳಿಯೆದ್ದರು. ಬಾಳಿದವರಲ್ಲಿ ಅಗ್ರಗಣ್ಯನೆಂದರೆ ವು ಬಿಂಗ್‌ಜಿಯೆನ್. ವಿದೇಶೀಯರ ಬಾಯಲ್ಲಿ ಇವನು ಹೌಕ್ವಾ. ೧೮೩೪ರಲ್ಲಿ ತನ್ನ ಆಸ್ತಿ ೨ ಕೋಟಿ ೬೦ ಲಕ್ಷ ಡಾಲರುಗಳೆಂದು ಅವನೇ ಅಂದಾಜು ಮಾಡಿದ್ದನಂತೆ. ಕೃಶವಾದ ದೇಹ, ಮಿತವಾದ ಮಾತು. ಸಾಲದ ಹೊರೆಯಿಂದ ಸ್ವದೇಶಕ್ಕೆ ಮರಳಲಾರದೆ ಕೊರಗುತ್ತಿದ್ದ ಅಮೆರಿಕನ್ನನೊಬ್ಬನನ್ನು ಕರೆಸಿ, ೭೨,೦೦೦ ಡಾಲರುಗಳ ಸಾಲಪತ್ರವನ್ನು ಅವನೆದುರಿಗೇ ಹರಿದುಹಾಕಿ, ಲೆಕ್ಕ ತೀರಿತು, ಊರಿಗೆ ಹೋಗು ಎಂದನೆಂದು ಆ ಕಾಲದಲ್ಲಿ ಅಲ್ಲಿದ್ದ ವಿಲಿಯಮ್ ಹಂಟರ್ ಎಂಬ ವರ್ತಕನು ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಲಕ್ಷಾಂತರ ಡಾಲರುಗಳ ವ್ಯವಹಾರ ಬರಿಯ ಬಾಯಿಮಾತಿನ ಮೇಲೆ ನಡೆಯುತ್ತಿತ್ತೆಂದೂ ಅವನು ಸ್ಮರಿಸುತ್ತಾನೆ. ಇವರೆಲ್ಲ ಆಡುತ್ತಿದ್ದುದು ಇಂಗ್ಲಿಷ್ ಪದಗಳನ್ನು ಚೀನೀ ವ್ಯಾಕರಣದಲ್ಲಿ ಪೋಣಿಸಿದ ಒಂದು ಬೆರಕೆಯ ಭಾಷೆ. ‘ಬಿಸಿನೆಸ್’ ಎಂಬುದು ಚೀನೀಯರ ನಾಲಿಗೆಯಲ್ಲಿ ‘ಪಿಜಿನ್’ ಆಯಿತೆಂದೂ, ಆ ಭಾಷೆಗೆ ಅದೇ ಹೆಸರಾಯಿತೆಂದೂ ಹೇಳುತ್ತಾರೆ. ಭಾಷೆ ಕಲಿಯಬಾರದೆಂದು ಗೋಡೆ ಕಟ್ಟಿದರೆ ಜನ ಗೋಡೆಯ ಮೇಲೆಯೇ ಒಂದು ಭಾಷೆಯನ್ನು ಹುಟ್ಟಿಸಿಕೊಳ್ಳುತ್ತಾರೆ!

ವ್ಯಾಪಾರದಲ್ಲಿ ಇಷ್ಟು ಹೊಂದಿಕೆಯಿದ್ದರೂ ಒಂದು ವಿಷಯದಲ್ಲಿ ಮಾತ್ರ ಎರಡು ಕಡೆಯವರೂ ಒಬ್ಬರನ್ನೊಬ್ಬರು ನಂಬಲಿಲ್ಲ. ಅದು ಅಪರಾಧ ಮತ್ತು ಶಿಕ್ಷೆಯ ವಿಷಯ. ೧೭೮೪ರ ನವೆಂಬರಿನಲ್ಲಿ ‘ಲೇಡಿ ಹ್ಯೂಸ್’ ಎಂಬ ಹಡಗು ವಾಂಪೋವಾದಲ್ಲಿ ಮರ್ಯಾದೆಯ ತೋಪು ಹಾರಿಸಿತು. ಅದರ ಏಟಿಗೆ ಪಕ್ಕದ ದೋಣಿಯಲ್ಲಿದ್ದ ಇಬ್ಬರು ಚೀನೀಯರು ಸತ್ತರು. ತೋಪು ಹಾರಿಸಿದವನನ್ನು ಒಪ್ಪಿಸಿರೆಂದು ಅಧಿಕಾರಿಗಳು ಕೇಳಿದರು. ಒಪ್ಪಿಸದಿದ್ದಾಗ ಹಡಗಿನ ವ್ಯಾಪಾರ ಪ್ರತಿನಿಧಿಯನ್ನು ಹಿಡಿದಿಟ್ಟು ವ್ಯಾಪಾರವನ್ನು ನಿಲ್ಲಿಸಿದರು. ಕೊನೆಗೆ ಇಂಗ್ಲಿಷರು ಆ ಗೋಲಂದಾಜನನ್ನು ಒಪ್ಪಿಸಿದರು. ೧೭೮೫ರ ಜನವರಿಯಲ್ಲಿ ಅವನ ಕತ್ತು ಹಿಸುಕಿ ಕೊಂದರು. ೧೮೨೧ರಲ್ಲಿ ಅಮೆರಿಕದ ‘ಎಮಿಲಿ’ ಹಡಗಿನ ತೆರ್‍ರನೋವಾ ಎಂಬ ಇಟಲಿಯ ನಾವಿಕನಿಗೂ ಇದೇ ಗತಿಯಾಯಿತು. ದೋಣಿಯಲ್ಲಿ ಹಣ್ಣು ಮಾರುತ್ತಿದ್ದ ಹೆಂಗಸೊಬ್ಬಳ ಸಾವಿಗೆ ಅವನು ಕಾರಣನೆಂಬುದು ಆರೋಪ. ವಿಚಾರಣೆಯಲ್ಲಿ ಅವನ ಪರವಾದ ಮಾತನ್ನು ಕೇಳಲೇ ಇಲ್ಲವೆಂದು ಅಮೆರಿಕನ್ನರು ದೂರಿದರು.

ಚೀನೀ ನ್ಯಾಯಶಾಸ್ತ್ರವೂ ಬೇಕೆಂದು ಮಾಡಿದ ಕೊಲೆಯನ್ನೂ ಆಕಸ್ಮಿಕವಾದ ಸಾವನ್ನೂ ಬೇರೆ ಬೇರೆಯಾಗಿಯೇ ಕಾಣುತ್ತಿತ್ತು. ವಿದೇಶೀಯನ ವಿಷಯದಲ್ಲಿ ಆ ವಿವೇಚನೆ ತಪ್ಪುತ್ತಿತ್ತೆಂಬ ಆಕ್ಷೇಪಣೆಯಲ್ಲಿ ಹುರುಳಿತ್ತು. ಆದರೆ ಸಣ್ಣ ಕಳವಿಗೂ ಮನುಷ್ಯರನ್ನು ನೇಣಿಗೇರಿಸುತ್ತಿದ್ದ ಇಂಗ್ಲೆಂಡಿನವರು ಚೀನೀಯರ ಕಾನೂನನ್ನು ಅನಾಗರಿಕವೆಂದು ಜರೆದುದು ವಿಚಿತ್ರವಾಗಿ ಕಾಣುತ್ತದೆ. ಅದೇನೇ ಇರಲಿ, ಇನ್ನು ಮುಂದೆ ತಮ್ಮವನೊಬ್ಬನನ್ನೂ ಚೀನೀ ನ್ಯಾಯಕ್ಕೆ ಒಪ್ಪಿಸಬಾರದೆಂಬ ಹಟ ಇಂಗ್ಲಿಷರಲ್ಲಿ ಬೇರೂರಿತು.

ಈ ಹಟಕ್ಕೆ ಬಲ ಬಂದುದು ಬೇರೆಯೇ ದಾರಿಯಿಂದ. ಇಂಗ್ಲೆಂಡಿನಲ್ಲಿ ೧೭೮೪ರಲ್ಲಿ ಚಹಾದ ಮೇಲಿನ ಸುಂಕ ಬಹುವಾಗಿ ಇಳಿಯಿತು. ಚಹಾ ಕುಡಿಯುವ ಚಟ ಬಡವರ ಮನೆಗೂ ಹಬ್ಬಿತು. ಚಹಾ ಬೇಕಾದರೆ ಚೀನಾಕ್ಕೆ ಬೆಳ್ಳಿ ಕೊಡಬೇಕು, ಏಕೆಂದರೆ ಇಂಗ್ಲೆಂಡಿನ ಉಣ್ಣೆಬಟ್ಟೆಗೆ ಕ್ಯಾಂಟನ್ನಿನ ಸೆಕೆಯಲ್ಲಿ ಗಿರಾಕಿಗಳು ಕಡಮೆ. ಭಾರತದ ಸರಕುಗಳಿಗೆ ಅಲ್ಲಿ ಬೇಡಿಕೆಯಿತ್ತು. ಮುಂಬಯಿಯಿಂದ ಹತ್ತಿ ಹೋಗುತ್ತಿತ್ತು. ಮೈಸೂರು ಸೀಮೆಯ ಕಾಡುಗಳ ಶ್ರೀಗಂಧವೂ ಪಶ್ಚಿಮ ಕರಾವಳಿಯ ರೇವುಗಳಿಂದ ಹೊರಟು ಕ್ಯಾಂಟನ್ ಸೇರಿ, ಅಲ್ಲಿಯ ಗುಡಿಗಳ ಧೂಪವಾಗಿಯೂ ಕುಶಲಕರ್ಮಿಗಳ ಕೈಯಲ್ಲಿ ಬೀಸಣಿಗೆ, ಪೆಟ್ಟಿಗೆಗಳಾಗಿಯೂ ಮಾರ್ಪಡುತ್ತಿತ್ತು. ಆದರೆ ಇವೆಲ್ಲವನ್ನು ಕೂಡಿದರೂ ಚಹಾದ ಬೆಲೆಗೆ ಸಾಲದು. ಆ ಕೊರತೆಯನ್ನು ತುಂಬಿದ ಸರಕು ಅಫೀಮು.

೧೭೭೩ರಿಂದ ಬಂಗಾಳದ ಅಫೀಮಿನ ಏಕಸ್ವಾಮ್ಯ ಕಂಪನಿಯ ಕೈಯಲ್ಲಿತ್ತು. ಬಿಹಾರದ ರೈತನಿಗೆ ಮುಂಗಡ ಕೊಟ್ಟು, ತಾನೇ ಗೊತ್ತುಮಾಡಿದ ಬೆಲೆಗೆ ಗಸಗಸೆ ಗಿಡದ ಹಾಲನ್ನು ಕೊಂಡು, ಉಂಡೆ ಕಟ್ಟಿಸಿ, ನಲವತ್ತು ಉಂಡೆಗಳಿಗೊಂದು ಪೆಟ್ಟಿಗೆಯಂತೆ ಕಲ್ಕತ್ತದಲ್ಲಿ ಹರಾಜು ಮಾಡುತ್ತಿತ್ತು. ಚೀನಾದಲ್ಲಿ ೧೭೨೯ರಿಂದಲೇ ಅಫೀಮಿನ ವಿರುದ್ಧ ರಾಜಾಜ್ಞೆಗಳಿದ್ದುವು. ಆದಕಾರಣ ಕಂಪನಿ ತನ್ನ ಹಡಗುಗಳಲ್ಲಿ ಅದನ್ನು ಒಯ್ಯಲಿಲ್ಲ. ಹರಾಜಿನಲ್ಲಿ ಕೊಂಡ ಖಾಸಗಿ ವರ್ತಕರು ಒಯ್ದರು. ಕೈಗೆ ಮಸಿ ಹತ್ತದಂತೆ ಕೆಲಸ ನಡೆಸುವ ಜಾಣತನ ಇದು. ಮಾಳವದ ಅಫೀಮು ಮುಂಬಯಿಯ ಮೂಲಕ ಹೋಯಿತು. ಜಮ್‌ಶೆಟ್‌ಜಿ ಜೀಜೀಭಾಯಿಯಂತಹ ಪಾರಸಿ ವರ್ತಕರ ಐಶ್ವರ್ಯದಲ್ಲಿ ಅದರ ಪಾಲಿದೆ. ನದಿಯ ಅಳಿವೆಯಾಚೆಯ ಲಿಂಟಿನ್ ದ್ವೀಪದ ಬಳಿ ಹಡಗುಗಳೇ ಉಗ್ರಾಣಗಳಾಗಿ ನಿಂತಿರುತ್ತಿದ್ದುವು. ಹತ್ತಾರು ಹುಟ್ಟುಗಳ ಚೀನೀ ಕಳ್ಳದೋಣಿಗಳು ಬಂದು, ಬೆಳ್ಳಿ ಕೊಟ್ಟು, ಪೆಟ್ಟಿಗೆಗಳನ್ನು ತುಂಬಿಕೊಂಡು ಹೋಗುತ್ತಿದ್ದುವು. ಕಾವಲು ಕಾಯಬೇಕಾದ ಅಧಿಕಾರಿಗಳಿಗೆ ಪಾಲು ಸಲ್ಲುತ್ತಿತ್ತು. ೧೮೦೦ರ ಸುಮಾರಿಗೆ ವರ್ಷಕ್ಕೆ ನಾಲ್ಕು ಸಾವಿರ ಪೆಟ್ಟಿಗೆಗಳಷ್ಟಿದ್ದ ಈ ವ್ಯಾಪಾರ ೧೮೩೮ರ ವೇಳೆಗೆ ನಲವತ್ತು ಸಾವಿರಕ್ಕೆ ಏರಿತು. ಕೋಠಿಗಳಲ್ಲಿದ್ದವರೆಲ್ಲರೂ ಇದರಲ್ಲಿ ಭಾಗಿಗಳಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಅಮೆರಿಕದ ಓಲಿಫಂಟ್ ಸಂಸ್ಥೆ ಅಫೀಮನ್ನು ಮುಟ್ಟಲಿಲ್ಲ. ಉಳಿದವರು ಅವರ ಕೋಠಿಯನ್ನು ‘ಜಿಯನ್ನಿನ ಮೂಲೆ’ ಎಂದು ಹಾಸ್ಯಮಾಡುತ್ತಿದ್ದರು.

ಅಫೀಮಿನಿಂದ ಸೇದುವವನ ಮೈಯಷ್ಟೇ ಕೆಡಲಿಲ್ಲ. ಹಿಂದೆ ಚೀನಾಕ್ಕೆ ಹರಿದು ಬರುತ್ತಿದ್ದ ಬೆಳ್ಳಿ ಈಗ ಹೊರಕ್ಕೆ ಹರಿಯತೊಡಗಿತು. ಹಳ್ಳಿಯ ರೈತ ತಾನು ಬೆಳೆದುದನ್ನು ತಾಮ್ರದ ಕಾಸಿಗೆ ಮಾರಿ, ಕಂದಾಯವನ್ನು ಬೆಳ್ಳಿಯ ಲೆಕ್ಕದಲ್ಲಿ ಕಟ್ಟಬೇಕಾಗಿತ್ತು. ಬೆಳ್ಳಿ ದುರ್ಲಭವಾದಂತೆ ಅದರ ಬೆಲೆ ಏರಿತು. ಅಫೀಮನ್ನು ಕಣ್ಣಿನಿಂದಲೂ ಕಾಣದ ರೈತನ ಕಂದಾಯದ ಹೊರೆ ಹೆಚ್ಚಿತು.

೧೮೩೯ರ ಮಾರ್ಚ್ ೧೦ರಂದು ಸಾಮ್ರಾಟನ ವಿಶೇಷಾಧಿಕಾರಿಯಾಗಿ ಲಿನ್ ಝೆಷು ಕ್ಯಾಂಟನ್ನಿಗೆ ಬಂದನು. ಲಂಚಕ್ಕೆ ಕೈಚಾಚದ ಅಧಿಕಾರಿಯೆಂದು ಅವನ ಹೆಸರು ದೊಡ್ಡದು. ಅಫೀಮನ್ನೆಲ್ಲ ಒಪ್ಪಿಸಬೇಕು, ಮುಂದೆ ತರುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕು ಎಂದು ಆಜ್ಞಾಪಿಸಿದನು. ವರ್ತಕರು ಹಿಂದುಮುಂದು ನೋಡಿದಾಗ ಕೋಠಿಗಳ ಸುತ್ತ ಕಾವಲು ಹಾಕಿ, ಅಡಿಗೆಯವರು, ಆಳುಗಳು ಎಲ್ಲರನ್ನೂ ಹೊರಕ್ಕೆ ಕರೆಸಿಕೊಂಡನು. ಕೋಟ್ಯಧೀಶರು ತಾವೇ ಒಲೆ ಹೊತ್ತಿಸಬೇಕಾಯಿತು. ಒಬ್ಬರು ಬೇಯಿಸಿದ ಅನ್ನ ಅಂಟಿನ ಮುದ್ದೆಯಾಯಿತೆಂದು ಹಂಟರ್ ವಿನೋದವಾಗಿ ಬರೆದಿದ್ದಾನೆ. ಸುಮಾರು ಆರು ವಾರಗಳು ಹೀಗೆ ಕಳೆದುವು. ಬ್ರಿಟಿಷ್ ಸರಕಾರದ ಪ್ರತಿನಿಧಿಯಾಗಿದ್ದ ಚಾರ್ಲ್ಸ್ ಎಲಿಯಟ್ ತನ್ನ ಸರಕಾರದ ಹೆಸರಿನಲ್ಲಿ ಅಫೀಮನ್ನೆಲ್ಲ ವರ್ತಕರಿಂದ ಪಡೆದು ಲಿನ್‌ಗೆ ಒಪ್ಪಿಸಿದನು. ಮೇಲುನೋಟಕ್ಕೆ ಇದು ಶರಣಾಗತಿ. ಆದರೆ ಕಳ್ಳಸಾಗಣೆಯ ಮಾಲು ಆ ಗಳಿಗೆಯಿಂದ ಬ್ರಿಟಿಷ್ ಸರಕಾರದ ಸೊತ್ತಾಯಿತು, ಅದರ ನಷ್ಟ ಒಂದು ರಾಷ್ಟ್ರದ ನಷ್ಟವಾಯಿತು.

ಒಪ್ಪಿಸಿದ ಪೆಟ್ಟಿಗೆಗಳು ೨೦,೨೮೩. ಜೂನ್ ೩ರಿಂದ ಹುಮೆನ್ ಎಂಬಲ್ಲಿ ಕಡಲಂಚಿನ ದೊಡ್ಡ ಹೊಂಡಗಳಲ್ಲಿ ಆ ಉಂಡೆಗಳನ್ನು ಉಪ್ಪುನೀರಿನಲ್ಲಿ ನೆನೆಸಿ, ಸುಣ್ಣ ಬೆರೆಸಿ, ಕದಡಿ, ಇಳಿತದ ಹೊತ್ತಿನಲ್ಲಿ ಕಡಲಿಗೆ ಬಿಟ್ಟರು. ಈ ಕಾರ್ಯ ಮೂರು ವಾರಗಳಿಗೂ ಮೀರಿ ನಡೆಯಿತು. ಅದಕ್ಕೆ ಮೊದಲು ಲಿನ್ ಸಮುದ್ರದೇವತೆಗೆ ಪೂಜೆ ಸಲ್ಲಿಸಿ, ನೀರನ್ನು ಕೆಡಿಸುತ್ತಿರುವುದಕ್ಕೆ ಕ್ಷಮೆ ಬೇಡಿ, ಜಲಚರಗಳನ್ನು ಸ್ವಲ್ಪ ಕಾಲ ದೂರ ಕಳುಹಿಸುವಂತೆ ಪ್ರಾರ್ಥಿಸಿದನು. ವಿಕ್ಟೋರಿಯಾ ರಾಣಿಗೂ ಅವನು ಪತ್ರ ಬರೆದನು. ತನ್ನ ಪ್ರಜೆಗಳು ಪರರ ನಾಡಿಗೆ ವಿಷವನ್ನು ಒಯ್ಯುವುದನ್ನು ಆಕೆ ತಡೆಯಬೇಕೆಂಬುದು ಅದರ ಸಾರ. ಆ ಪತ್ರ ಆಕೆಯ ಕೈ ಸೇರಿದಂತೆ ಕಾಣುವುದಿಲ್ಲ.

ಇಷ್ಟರಲ್ಲಿ ಮತ್ತೆ ಹಳೆಯ ಪ್ರಶ್ನೆ ತಲೆಯೆತ್ತಿತು. ಅದೇ ವರ್ಷದ ಜುಲೈಯಲ್ಲಿ ಕೌಲೂನಿನ ಬಳಿ ಕುಡಿದ ನಾವಿಕರು ಹಳ್ಳಿಗನೊಬ್ಬನನ್ನು ಹೊಡೆದು ಕೊಂದರು. ಅಪರಾಧಿಯನ್ನು ಒಪ್ಪಿಸೆಂದು ಲಿನ್ ಕೇಳಿದನು, ಎಲಿಯಟ್ ಒಪ್ಪಿಸಲಿಲ್ಲ. ‘ಲೇಡಿ ಹ್ಯೂಸ್’ ಹಡಗಿನ ಗೋಲಂದಾಜನ ನೆನಪು ಐವತ್ತೈದು ವರ್ಷಗಳಾದರೂ ಮಾಸಿರಲಿಲ್ಲ. ಯುದ್ಧ ಹೊತ್ತಿಕೊಂಡಿತು. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಗ್ಲ್ಯಾಡ್‌ಸ್ಟನ್ ಮೊದಲಾದವರು ಈ ಯುದ್ಧವನ್ನು ಖಂಡಿಸಿ ಮಾತನಾಡಿದರು. ೧೮೪೦ರ ಏಪ್ರಿಲಿನಲ್ಲಿ ಸರಕಾರದ ವಿರುದ್ಧ ಬಂದ ಠರಾವು ಒಂಬತ್ತು ಮತಗಳಿಂದ ಮಾತ್ರ ಬಿದ್ದುಹೋಯಿತು. ಬ್ರಿಟಿಷರ ಸೈನ್ಯದಲ್ಲಿ ಭಾರತದ ಸಿಪಾಯಿಗಳಿದ್ದರು. ೧೮೪೧ರ ಮೇ ತಿಂಗಳ ಕೊನೆಯಲ್ಲಿ ಕ್ಯಾಂಟನ್ನಿನ ಹೊರಗಿನ ಸಾನ್‌ಯುವಾನ್‌ಲಿ ಎಂಬಲ್ಲಿ ಸಾವಿರಾರು ಹಳ್ಳಿಗರು ದೊಣ್ಣೆ, ಭರ್ಜಿ ಹಿಡಿದು ಮುತ್ತಿದಾಗ, ಮಳೆಯಲ್ಲಿ ಮದ್ದು ತೊಯ್ದು ಬಂದೂಕುಗಳು ಸಿಡಿಯದೆ ಸಿಕ್ಕಿಬಿದ್ದವರು ಮದರಾಸಿನ ಮೂವತ್ತೇಳನೆಯ ಪದಾತಿ ದಳದವರು. ಬಿಹಾರದ ಬೆಳೆಗಾಗಿ ಮದರಾಸಿನ ಸಿಪಾಯಿ ಚೀನಾದ ರೈತನೊಡನೆ ಹೋರಾಡಬೇಕಾಯಿತು.

ಉಗಿಹಡಗುಗಳ ತೋಪಿನ ಎದುರು ಚೀನಾ ಸೋತಿತು. ೧೮೪೨ರ ಆಗಸ್ಟ್ ೨೯ರಂದು ನಾನ್‌ಜಿಂಗ್ ನಗರದೆದುರು ‘ಕಾರ್ನ್‌ವಾಲಿಸ್’ ಎಂಬ ಯುದ್ಧದ ಹಡಗಿನ ಮೇಲೆ ಒಡಂಬಡಿಕೆಯಾಯಿತು. ಹಾಂಗ್‌ಕಾಂಗ್ ದ್ವೀಪ ಬ್ರಿಟಿಷರದಾಯಿತು. ೨ ಕೋಟಿ ೧೦ ಲಕ್ಷ ಡಾಲರುಗಳ ದಂಡದಲ್ಲಿ ೬೦ ಲಕ್ಷ ನಾಶವಾದ ಅಫೀಮಿನ ಬೆಲೆಯೇ ಆಗಿತ್ತು; ಆದರೆ ಮುಂದೆ ಅಫೀಮು ಬರಬಹುದೋ ಬಾರದೋ ಎಂಬ ಬಗ್ಗೆ ಒಡಂಬಡಿಕೆ ಮೌನ ತಾಳಿತು. ಕೊಹಾಂಗಿನ ಏಕಸ್ವಾಮ್ಯ ರದ್ದಾಯಿತು. ಕ್ಯಾಂಟನ್, ಅಮೊಯ್, ಫೂಚೌ, ನಿಂಗ್‌ಪೋ, ಶಾಂಘೈ ಎಂಬ ಐದು ಬಂದರುಗಳು ತೆರೆದುವು. ಇವೇ ಮೊದಲ ‘ಒಡಂಬಡಿಕೆಯ ಬಂದರುಗಳು’. ಅಲ್ಲಿ ಬ್ರಿಟಿಷ್ ಪ್ರಜೆಗಳು ‘ಸಂಸಾರ ಸಮೇತರಾಗಿ’ ವಾಸಿಸಬಹುದೆಂದು ಎರಡನೆಯ ಕಲಮಿನಲ್ಲೇ ಬರೆಯಲಾಯಿತು. ಹ್ಯಾರಿಯೆಟ್ ಲೋಳನ್ನು ಹಿಂದಕ್ಕೆ ಅಟ್ಟಿ ಹನ್ನೆರಡು ವರ್ಷಗಳೂ ತುಂಬಿರಲಿಲ್ಲ.

ಮರುವರ್ಷದ ಪೂರಕ ಒಪ್ಪಂದಗಳಲ್ಲಿ ಇದಕ್ಕಿಂತ ದೊಡ್ಡ ಮಾತೊಂದು ಸೇರಿತು. ಚೀನಾದಲ್ಲಿ ಅಪರಾಧ ಮಾಡಿದ ಇಂಗ್ಲಿಷನನ್ನು ಇಂಗ್ಲಿಷ್ ಕಾನೂನಿನಂತೆ ಇಂಗ್ಲಿಷ್ ರಾಯಭಾರಾಧಿಕಾರಿಯೇ ವಿಚಾರಿಸಬೇಕು. ೧೮೪೪ರಲ್ಲಿ ಅಮೆರಿಕನ್ನರೂ ಫ್ರೆಂಚರೂ ಇದೇ ಹಕ್ಕನ್ನು ಪಡೆದರು. ಒಬ್ಬರಿಗೆ ಕೊಟ್ಟ ಸವಲತ್ತು ತಮಗೂ ಸಲ್ಲಬೇಕೆಂಬ ಕಲಮಿನಿಂದಾಗಿ, ಒಂದು ದೇಶಕ್ಕೆ ಸಂದದ್ದು ತಾನಾಗಿಯೇ ಎಲ್ಲರಿಗೂ ಸಲ್ಲುತ್ತ ಹೋಯಿತು. ಚೀನೀ ಅಧಿಕಾರಿಗಳು ಇದಕ್ಕೆ ಹೆಚ್ಚು ವಿರೋಧ ತೋರಲಿಲ್ಲವೆಂಬುದು ಇಂದಿನವರಿಗೆ ಆಶ್ಚರ್ಯ. ಹಿಂದಿನ ಕಾಲದಲ್ಲಿ ಅರಬ್ ವರ್ತಕರ ಜಗಳಗಳನ್ನು ಅವರವರ ಮುಖಂಡರೇ ತೀರಿಸಿಕೊಳ್ಳುವ ಪದ್ಧತಿಯಿತ್ತು. ಇದೂ ಅಂತಹದೇ ಎಂದು ಅವರು ಬಗೆದರು. ಅರಬರ ಹಿಂದೆ ಯುದ್ಧದ ಹಡಗುಗಳಿರಲಿಲ್ಲ. ಸುಂಕದ ಪ್ರಮಾಣವೂ ಸರಾಸರಿ ನೂರಕ್ಕೆ ಐದರಂತೆ ಒಪ್ಪಂದದಲ್ಲಿ ಕಟ್ಟಿಬಿದ್ದಿತು. ತನ್ನ ಬಾಗಿಲಲ್ಲಿ ತಾನೇ ಸುಂಕವನ್ನು ಏರಿಸುವ ಸ್ವಾತಂತ್ರ್ಯ ಚೀನಾಕ್ಕೆ ಉಳಿಯಲಿಲ್ಲ.

ತೆರೆದ ಬಂದರುಗಳು ಒಂದೇ ರೀತಿಯಾಗಿ ಬೆಳೆಯಲಿಲ್ಲ. ಫೂಚೌ ಚಹಾದ ಬಂದರಾಯಿತು. ೧೮೬೬ರ ಮೇ ತಿಂಗಳಲ್ಲಿ ಹೊಸ ಚಹಾ ತುಂಬಿಕೊಂಡು ಅಲ್ಲಿಂದ ಹೊರಟ ಹಾಯಿಹಡಗುಗಳಲ್ಲಿ ‘ತೈಪಿಂಗ್’, ‘ಏರಿಯಲ್’, ‘ಸೆರಿಕಾ’ ಎಂಬ ಮೂರು, ೯೯ ದಿನಗಳ ಓಟದ ಬಳಿಕ ಒಂದೇ ಭರತದಲ್ಲಿ ಲಂಡನ್ ತಲುಪಿದುವು. ಮೊದಲೆರಡರ ನಡುವೆ ಇದ್ದ ಅಂತರ ೨೮ ನಿಮಿಷ. ಆದರೆ ಆ ವೈಭವ ನಿಲ್ಲಲಿಲ್ಲ. ರಾಬರ್ಟ್ ಫಾರ್ಚೂನ್ ಎಂಬ ಸಸ್ಯಶಾಸ್ತ್ರಜ್ಞ ಚಹಾದ ಗಿಡಗಳನ್ನೂ ಕುಶಲ ಕೆಲಸಗಾರರನ್ನೂ ಚೀನಾದಿಂದ ಹಿಮಾಲಯದ ತಪ್ಪಲಿಗೆ ಒಯ್ದಿದ್ದನು. ಅಸ್ಸಾಮಿನಲ್ಲಿ ಸ್ಥಳೀಯ ಗಿಡದ ತೋಟಗಳು ಬೆಳೆದುವು. ಶತಮಾನದ ಕೊನೆಯ ವೇಳೆಗೆ ಇಂಗ್ಲೆಂಡಿನ ಪೇಟೆಯಲ್ಲಿ ಭಾರತದ ಚಹಾ ಚೀನಾದ ಚಹಾವನ್ನು ಹಿಂದೆ ಹಾಕಿತು.

ಅಮೊಯ್ (ಇಂದಿನ ಷಿಯಾಮೆನ್) ಇನ್ನೊಂದು ಬಗೆಯ ರೇವು. ಕನ್ನಡಿಗರು ಬಳಸುವ ‘ಟೀ’ ಎಂಬ ಮಾತಿಗೆ ಮೂಲ ಅಮೊಯ್ ಸೀಮೆಯ ಆಡುನುಡಿಯ ‘ತೆ’. ‘ಚಹಾ’ ಎಂಬುದು ಕ್ಯಾಂಟನ್ ಮೊದಲಾದೆಡೆಯ ‘ಚಾ’ ಎಂಬುದರ ಸಂತತಿ. ಈ ಬಂದರಿನಿಂದ ಚಹಾದ ಜೊತೆಗೆ ಮನುಷ್ಯರೂ ರಫ್ತಾದರು. ೧೮೪೭ರಿಂದ ಕ್ಯೂಬಾ ಮುಂತಾದ ದೂರದೇಶಗಳ ತೋಟಗಳಿಗೆ ಬಡವರನ್ನು ಕರಾರಿನ ಕೂಲಿಗಳಾಗಿ ಸಾಗಿಸಲಾಯಿತು. ಮೋಸದಿಂದಲೋ ಬಲಾತ್ಕಾರದಿಂದಲೋ ಜನರನ್ನು ಹಡಗು ಹತ್ತಿಸುವ ಈ ದಂಧೆಗೆ ದಕ್ಷಿಣ ಚೀನಾದವರು ‘ಹಂದಿಮರಿಗಳ ಮಾರಾಟ’ ಎಂದು ಹೆಸರಿಟ್ಟರು. ೧೮೫೨ರಲ್ಲಿ ಅಮೊಯ್‌ನ ಜನ ರೊಚ್ಚಿಗೆದ್ದಾಗ ಬ್ರಿಟಿಷ್ ನಾವಿಕ ಸೈನಿಕರು ಗುಂಡು ಹಾರಿಸಿ ಹಲವರನ್ನು ಕೊಂದರು. ಬಂದರಿನೆದುರಿನ ಗುಲಾಂಗ್‌ಯು ಎಂಬ ಪುಟ್ಟ ದ್ವೀಪದಲ್ಲಿ ವಿದೇಶೀಯರ ಬಂಗಲೆಗಳೆದ್ದುವು. ಕಾಲಾಂತರದಲ್ಲಿ ಆಗ್ನೇಯ ಏಷ್ಯಕ್ಕೆ ಹೋಗಿ ಹಣ ಗಳಿಸಿ ಹಿಂದಿರುಗಿದ ಚೀನೀಯರೂ ಅಲ್ಲಿಯೇ ಮನೆ ಕಟ್ಟಿದರು. ಎರಡು ಶೈಲಿಗಳೂ ಬೆರೆತ ಆ ಕಟ್ಟಡಗಳಿಂದಾಗಿ ೨೦೧೭ರಲ್ಲಿ ಗುಲಾಂಗ್‌ಯು ವಿಶ್ವ ಪರಂಪರೆಯ ತಾಣವಾಯಿತು.

ಕ್ಯಾಂಟನ್ ಮಾತ್ರ ಸುಲಭವಾಗಿ ಬಗ್ಗಲಿಲ್ಲ. ಕೋಟೆಗೋಡೆಯೊಳಗಿನ ನಗರಕ್ಕೆ ಪ್ರವೇಶಿಸುವ ಹಕ್ಕು ತಮಗಿದೆಯೆಂದು ಬ್ರಿಟಿಷರು ವಾದಿಸಿದರು. ಹಾಗೆಂದು ಬರೆದಿಲ್ಲವೆಂದು ಚೀನೀಯರು ಹೇಳಿದರು. ಒಂದೇ ಒಡಂಬಡಿಕೆಯ ಎರಡು ಭಾಷೆಗಳ ಪಾಠಗಳನ್ನು ಇಬ್ಬರೂ ತಮ್ಮ ತಮ್ಮ ಕಡೆಗೆ ಎಳೆದರು. ಹದಿನೈದು ವರ್ಷಗಳ ಕಾಲ ಊರಿನ ಜನ ಬ್ರಿಟಿಷರನ್ನು ಒಳಗೆ ಬಿಡಲಿಲ್ಲ. ೧೮೫೬ರಲ್ಲಿ ‘ಆ್ಯರೋ’ ಎಂಬ ಹಡಗಿನ ತಂಟೆಯಿಂದ ಎರಡನೆಯ ಯುದ್ಧ ಆರಂಭವಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಹದಿಮೂರು ಕೋಠಿಗಳ ಸಾಲು ಬೆಂಕಿಗೆ ಆಹುತಿಯಾಯಿತು. ಮತ್ತೆ ಅದನ್ನು ಯಾರೂ ಕಟ್ಟಲಿಲ್ಲ. ಒಂದು ವರ್ಷದ ಬಳಿಕ ಬ್ರಿಟಿಷರೂ ಫ್ರೆಂಚರೂ ನಗರವನ್ನು ಹಿಡಿದು ೧೮೬೧ರವರೆಗೆ ತಮ್ಮ ವಶದಲ್ಲಿರಿಸಿಕೊಂಡರು. ರಾಜಪ್ರತಿನಿಧಿಯಾಗಿದ್ದ ಯೆ ಮಿಂಗ್‌ಚೆನ್ ಸೆರೆಯಾದನು. ಅವನನ್ನು ಕಲ್ಕತ್ತಕ್ಕೆ ಒಯ್ದರು. ಅಫೀಮಿನ ಹರಾಜು ನಡೆಯುತ್ತಿದ್ದ ಅದೇ ನಗರದಲ್ಲಿ ೧೮೫೯ರಲ್ಲಿ ಅವನು ತೀರಿಕೊಂಡನು. ಅದಕ್ಕೆ ಮುಂಚಿನ ವರ್ಷವೇ, ಸುಂಕ ಕೊಟ್ಟರೆ ಅಫೀಮನ್ನು ಬಹಿರಂಗವಾಗಿ ತರಬಹುದೆಂದು ಚೀನಾ ಒಪ್ಪಬೇಕಾಗಿ ಬಂದಿತ್ತು.

ಸುಟ್ಟ ಕೋಠಿಗಳಿಗೆ ಬದಲಾಗಿ ವಿದೇಶೀಯರು ಆರಿಸಿಕೊಂಡದ್ದು ಅಲ್ಲಿಂದ ಸ್ವಲ್ಪ ಪಶ್ಚಿಮಕ್ಕಿದ್ದ ಷಾಮಿಯೆನ್ ಎಂಬ ಮರಳದಿಣ್ಣೆಯನ್ನು. ಸುತ್ತ ಕಲ್ಲಿನ ಕಟ್ಟೆ ಕಟ್ಟಿ, ಮಣ್ಣು ತುಂಬಿ ಎತ್ತರಿಸಿ, ಊರಿನ ಕಡೆಗೆ ಕಾಲುವೆ ತೋಡಿ ಅದನ್ನು ದ್ವೀಪವನ್ನಾಗಿ ಮಾಡಿದರು. ಐದರಲ್ಲಿ ನಾಲ್ಕು ಪಾಲು ಬ್ರಿಟಿಷರಿಗೆ, ಒಂದು ಪಾಲು ಫ್ರೆಂಚರಿಗೆ. ಆಲದ ಜಾತಿಯ ಮರಗಳ ಸಾಲು, ಹುಲ್ಲಿನ ಬಯಲು, ಚರ್ಚುಗಳು, ಬ್ಯಾಂಕುಗಳು, ರಾಯಭಾರಾಧಿಕಾರಿಗಳ ಕಚೇರಿಗಳು ಅಲ್ಲಿ ಎದ್ದುವು. ಊರಿನೊಡನೆ ಸಂಪರ್ಕಕ್ಕೆ ಎರಡು ಸೇತುವೆಗಳು. ರಾತ್ರಿಯ ಹೊತ್ತು ಅವುಗಳ ಬಾಗಿಲು ಮುಚ್ಚುತ್ತಿತ್ತು. ಹಿಂದೆ ಚೀನೀಯರು ವಿದೇಶೀಯರನ್ನು ಸಾವಿರ ಅಡಿಯ ದಂಡೆಯಲ್ಲಿ ಕೂಡಿಹಾಕಿದ್ದರು. ಈಗ ವಿದೇಶೀ��ರೇ ಚೀನಾದ ನೆಲದಲ್ಲಿ ಬಾಗಿಲು ಇಟ್ಟುಕೊಂಡು, ಯಾವ ಚೀನೀಯ ಯಾವಾಗ ಒಳಗೆ ಬರಬಹುದೆಂದು ತಾವು ನಿರ್ಧರಿಸಿದರು. ನದಿ ಅದೇ, ವ್ಯಾಪಾರವೂ ಬಹುಮಟ್ಟಿಗೆ ಅದೇ. ಬೀಗದ ಕೈ ಮಾತ್ರ ಕೈ ಬದಲಾಯಿಸಿತ್ತು.

ಒಡಂಬಡಿಕೆಯ ಬಂದರುಗಳಿಂದ ಚೀನಾಕ್ಕೆ ಲಾಭವೇ ಆಗಲಿಲ್ಲವೆಂದರೆ ತಪ್ಪಾಗುತ್ತದೆ. ಬಂದರುಗಳ ಸುಂಕವನ್ನು ವಸೂಲು ಮಾಡಲು ಸ್ಥಾಪಿತವಾದ ಇಲಾಖೆ ವಿದೇಶೀ ಅಧಿಕಾರಿಗಳ ಕೈಯಲ್ಲಿದ್ದರೂ ಚಿಂಗ್ ಸರಕಾರದ ಸೇವೆಯಲ್ಲಿತ್ತು. ೧೮೫೯ರಲ್ಲಿ ಕ್ಯಾಂಟನ್ನಿನ ಸುಂಕದ ಕಚೇರಿಯನ್ನು ಸೇರಿದ ರಾಬರ್ಟ್ ಹಾರ್ಟ್ ಎಂಬ ಐರ್ಲೆಂಡಿನವನು ೧೮೬೩ರಿಂದ ಸುಮಾರು ಅರ್ಧ ಶತಮಾನ ಅದರ ಮುಖ್ಯಸ್ಥನಾಗಿದ್ದು, ಲಂಚವಿಲ್ಲದೆ ಹಣವನ್ನು ಬೊಕ್ಕಸಕ್ಕೆ ಮುಟ್ಟಿಸಿದನು, ದೀಪಸ್ತಂಭಗಳನ್ನು ಕಟ್ಟಿಸಿದನು. ಆದರೆ ಆ ಬೊಕ್ಕಸದಿಂದ ಯುದ್ಧದಂಡದ ಕಂತುಗಳೂ ಹೋಗುತ್ತಿದ್ದುವು. ಕೊಹಾಂಗ್ ಅಳಿದ ಮೇಲೆ ವಿದೇಶೀ ಸಂಸ್ಥೆಗಳ ದಲ್ಲಾಳಿಗಳಾಗಿ ಕ್ಯಾಂಟನ್ನಿನ ಅನೇಕರು ಶಾಂಘೈ, ಹಾಂಗ್‌ಕಾಂಗ್‌ಗಳಿಗೆ ಹೋಗಿ ಶ್ರೀಮಂತರಾದರು. ಹೊಸ ವಿದ್ಯೆ, ಹೊಸ ವೈದ್ಯ, ಹೊಸ ಪತ್ರಿಕೆಗಳ ಗಾಳಿ ಮೊದಲು ಬೀಸಿದ್ದೂ ಈ ಬಂದರುಗಳಲ್ಲೇ. ಕ್ಯಾಂಟನ್ ಸೀಮೆಯಲ್ಲಿ ಹುಟ್ಟಿ, ಹಾಂಗ್‌ಕಾಂಗಿನಲ್ಲಿ ವೈದ್ಯ ಕಲಿತ ಸುನ್ ಯಾಟ್‌ಸೆನ್ ೧೯೧೨ರಲ್ಲಿ ಚೀನಾ ಗಣರಾಜ್ಯದ ಮೊದಲ ಅಧ್ಯಕ್ಷನಾದನು. ಆ ವರ್ಷವೇ ಚಿಂಗ್ ವಂಶದ ಆಳಿಕೆ ಕೊನೆಗೊಂಡಿತು.

ಸಾಮ್ರಾಜ್ಯ ಹೋದರೂ ಷಾಮಿಯೆನ್‌ನ ಬಾಗಿಲುಗಳು ಹೋಗಲಿಲ್ಲ. ೧೯೨೫ರ ಜೂನ್ ೨೩ರಂದು ಕಾರ್ಮಿಕರು, ವಿದ್ಯಾರ್ಥಿಗಳು ಕಾಲುವೆಯ ಈಚೆಯ ದಂಡೆಯ ಮೇಲೆ ಮೆರವಣಿಗೆ ಹೋಗುತ್ತಿದ್ದಾಗ ದ್ವೀಪದ ಕಡೆಯಿಂದ ಗುಂಡು ಹಾರಿತು. ಐವತ್ತಕ್ಕೂ ಹೆಚ್ಚು ಚೀನೀಯರು ಸತ್ತರು. ಮೊದಲು ಗುಂಡು ಹಾರಿಸಿದವರು ಯಾರೆಂದು ಎರಡು ಕಡೆಯವರೂ ಬೇರೆ ಬೇರೆ ಹೇಳಿದರು. ಅದಾಗಲೇ ಆರಂಭವಾಗಿದ್ದ ಹಾಂಗ್‌ಕಾಂಗ್ ಮತ್ತು ಕ್ಯಾಂಟನ್ನಿನ ಮುಷ್ಕರ ಇದರಿಂದ ಉಗ್ರವಾಗಿ ೧೯೨೬ರ ಅಕ್ಟೋಬರಿನವರೆಗೆ ಮುಂದುವರಿಯಿತು; ಬ್ರಿಟಿಷರ ವ್ಯಾಪಾರಕ್ಕೆ ಬಲವಾದ ಪೆಟ್ಟು ಬಿದ್ದಿತು. ತಮ್ಮವರನ್ನು ತಾವೇ ವಿಚಾರಿಸುವ ಹಕ್ಕನ್ನು ಬ್ರಿಟನ್ನೂ ಅಮೆರಿಕವೂ ಬಿಟ್ಟುಕೊಟ್ಟದ್ದು ಎರಡನೆಯ ಮಹಾಯುದ್ಧದ ನಡುವೆ, ೧೯೪೩ರ ಜನವರಿಯಲ್ಲಿ.

ಷಾಮಿಯೆನ್‌ನ ಹಳೆಯ ಕಟ್ಟಡಗಳು ಇಂದೂ ಇವೆ. ಗುವಾಂಗ್‌ಝೌ ನಗರದ ಜನ ಸಂಜೆ ಹೊತ್ತು ಆ ಮರಗಳ ನೆರಳಿನಲ್ಲಿ ಅಡ್ಡಾಡುತ್ತಾರೆ. ಕಾಲುವೆಯ ಈಚೆಯ ದಂಡೆಯ ರಸ್ತೆಗೆ ಯಾವ ವ್ಯಕ್ತಿಯ ಹೆಸರನ್ನೂ ಇಟ್ಟಿಲ್ಲ. ಆರನೆಯ ತಿಂಗಳ ಇಪ್ಪತ್ತಮೂರನೆಯ ದಿನದ ಗುರುತಾಗಿ ಅದನ್ನು ‘ಆರು-ಎರಡು-ಮೂರು ರಸ್ತೆ’ ಎಂದು ಕರೆಯುತ್ತಾರೆ.